ಪಿಳ್ಳಮ್ಮಜ್ಜಿಯ ಮನೆಗೆ ಒಂದು ಕ್ಯಾನ್ ನೀರು

ಒಳ್ಳೆಯವನಾಗಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದಲೂ ಇತ್ತು, ಪುರುಸೊತ್ತು ಮಾತ್ರ ಇರಲಿಲ್ಲ. ಇದು ಬರೀ ನೆಪ ಎಂದುಕೊಳ್ಳುವವರು ನಮ್ಮ ಮನೆಗೆ ಒಂದು ದಿನ ಬೆಳಿಗ್ಗೆ ಆರಕ್ಕೆ ಬಂದು ಎಂಟರವರೆಗೆ ಕೂತು ನೋಡಬೇಕು. ಬಂದವರಿಗೆ ಕಾಫಿ ಕೊಡುತ್ತೇನೆಂದು ಭರವಸೆ ಕೊಡಲಾರೆ, ಆ ಎರಡು ಗಂಟೆಯಲ್ಲಿ ನನಗೇ ಕಾಫಿ ಸಿಗುವುದು ಅನುಮಾನ. ಹಾಲು ತರಬೇಕು. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಸಂಪಿನ ಮುಚ್ಚಳ ತೆಗೆದು ಪೈಪು ಬಿಡಬೇಕು, ಬಾರದ ದಿನವಾದರೆ ಯಾಕೆ ಬರಲಿಲ್ಲ ಎಂದು ಎದುರುಮನೆಯವರ ಜೊತೆ ಚರ್ಚೆ ಮಾಡಬೇಕು. ಕಸದ ಗಾಡಿ ಹಾಡು ಹಾಕಿಕೊಂಡು ಬೀದಿಯ ತುದಿಗೆ ಬಂತೆಂದರೆ ಹಸಿ ಕಸ, ಒಣ ಕಸದ ಎರಡು ಬಕೆಟ್ಟು ಹಿಡಿದು ಓಡಬೇಕು. ನಮ್ಮ ಮನೆಯ ಮುಂದೆ ಅದು ನಿಲ್ಲುವುದು ಒಂದು ಸಲ ಸೀನುವಷ್ಟು ಹೊತ್ತು. ಮಗಳು ಸಿಂಚನ ಹತ್ತನೇ ತರಗತಿ. ಅವಳಿಗೆ ತಿಂಡಿ ಮಾಡಿ, ಮಧ್ಯಾಹ್ನದ ಡಬ್ಬಿ ಕಟ್ಟಿ, ಕಾಣದ ಒಂದು ಸಾಕ್ಸನ್ನು ಹುಡುಕಿ, ಏಳಕ್ಕೆ ಟ್ಯೂಷನ್ನಿಗೆ ಕಳಿಸಬೇಕು. ಆಮೇಲೆ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಪ್ಪತ್ತು ಲೀಟರಿನ ಕ್ಯಾನು ಇಟ್ಟುಕೊಂಡು ಶುದ್ಧ ನೀರಿನ ಘಟಕಕ್ಕೆ ಹೋಗಿ, ಐದು ರೂಪಾಯಿ ನಾಣ್ಯ ಹಾಕಿ, ಯಂತ್ರ ಅದನ್ನು ಉಗುಳಿದರೆ ಮತ್ತೆ ಹಾಕಿ, ನೀರು ತುಂಬಿಕೊಂಡು ಬರಬೇಕು. ಇಷ್ಟಾಗಿ ಸ್ನಾನ ಮಾಡಿ, ದೇವನಹಳ್ಳಿಗೆ ಹೋಗುವ ಎಂಟು ಹತ್ತರ ಬಸ್ಸು ಹಿಡಿಯಬೇಕು. ದೊಡ್ಡಬಳ್ಳಾಪುರದ ಅಂಚಿನಲ್ಲಿ ನಮ್ಮ ಬಡಾವಣೆ, ದೇವನಹಳ್ಳಿಯ ಕಡೆ ಒಂದು ಕಾಲೇಜಿನ ಆಫೀಸಿನಲ್ಲಿ ನನ್ನ ಗುಮಾಸ್ತಿಕೆ.

ಮನೆಯವರು ಏನು ಮಾಡುತ್ತಾರೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ರತ್ನ ವಿಮಾನಗಳಿಗೆ ಊಟ ತಿಂಡಿ ಕಟ್ಟುವ ಒಂದು ದೊಡ್ಡ ಅಡಿಗೆಮನೆಯಲ್ಲಿ ಮೇಲ್ವಿಚಾರಕಿ. ಬೆಳಗಿನ ಪಾಳಿ, ಐದು ಗಂಟೆಗೆ ಅವರ ಗಾಡಿ ಬಂದು ಹಾರ್ನು ಹೊಡೆಯುತ್ತದೆ. ಸಂಜೆಯ ಅಡಿಗೆ, ಪಾತ್ರೆ, ಬಟ್ಟೆ ಅವಳದು; ಬೆಳಗಿನದೆಲ್ಲ ನನ್ನದು. ಇದು ಇಬ್ಬರೂ ಕೂತು ಮಾಡಿಕೊಂಡ ಏರ್ಪಾಡು, ತಕರಾರೇನೂ ಇಲ್ಲ. ಆದರೆ ಒಂದು ವಿಷಯ ಅವಳಿಗೆ ಹೇಳಿರಲಿಲ್ಲ. ಸಿಂಚನಳ ಉಪ್ಪಿಟ್ಟು, ಡಬ್ಬಿ, ನೀರು, ಕಸ ಎಲ್ಲ ಮುಗಿಯುವಷ್ಟರಲ್ಲಿ ನಾನು ತಿನ್ನುವುದಕ್ಕೆ ಹೊತ್ತು ಉಳಿಯುತ್ತಿರಲಿಲ್ಲ. ಆಕಾಶದಲ್ಲಿ ಹೋಗುವವರಿಗೆಲ್ಲ ಬಿಸಿ ಇಡ್ಲಿ ಒದಗಿಸುವವಳ ಗಂಡ ನೆಲದ ಮೇಲೆ ಬರಿಹೊಟ್ಟೆಯಲ್ಲಿ ಬಸ್ಸು ಹತ್ತುತ್ತಿದ್ದ. ಒಂಬತ್ತಕ್ಕೆ ಅವಳು ಫೋನು ಮಾಡಿ, "ತಿಂದ್ರಾ?" ಅಂದರೆ, "ಆಯ್ತು" ಅನ್ನುತ್ತಿದ್ದೆ. ಹಸಿದವನ ಸುಳ್ಳು ಬಸ್ಸಿನ ಗದ್ದಲದಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತು ಅಂತ ಕಾಣುತ್ತದೆ, ಅವಳು ನಂಬುತ್ತಿದ್ದಳು.

ಹೀಗಿರುವಾಗ ನಮ್ಮ ಕಾಲೇಜಿಗೆ ಒಬ್ಬರು ಭಾಷಣಕಾರರು ಬಂದರು. ಕುರ್ಚಿ ಹಾಕಿಸುವ, ಮೈಕು ಸರಿಮಾಡಿಸುವ ಕೆಲಸ ನನಗೆ ಬಿದ್ದಿದ್ದರಿಂದ ಭಾಷಣವನ್ನೂ ಕೇಳಬೇಕಾಯಿತು. ಎಷ್ಟೇ ಕೆಲಸವಿದ್ದರೂ ದಿನಕ್ಕೊಂದು ಸಣ್ಣ ಉಪಕಾರಕ್ಕೆ ಸಮಯ ಮಾಡಿಕೊಳ್ಳಿ, ಅದರಿಂದ ಮನಸ್ಸಿಗೂ ಆರೋಗ್ಯ, ದೇಹಕ್ಕೂ ಆರೋಗ್ಯ ಎಂದು ಅವರು ಹೇಳಿದರು. ಹುಡುಗರು ಮೊಬೈಲು ನೋಡುತ್ತಿದ್ದರು. ಇಡೀ ಸಭೆಯಲ್ಲಿ ಆ ಮಾತು ನಾಟಿದ್ದು ಗೋಡೆಗೆ ಒರಗಿ ನಿಂತಿದ್ದ ನನಗೊಬ್ಬನಿಗೆ. ಆ ಸಂಜೆಯೇ ಮನೆಗೆ ಬಂದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಹಾಲು, ನೀರು, ಡಬ್ಬಿ, ಕಸ ಎಂದಿದ್ದದ್ದರ ಕೆಳಗೆ 'ಒಳ್ಳೆಯ ಕೆಲಸ' ಎಂದು ಬರೆದೆ. ಸಿಂಚನ ಅದನ್ನು ಓದಿ, "ಅಪ್ಪಾ, ಇದು ಹಸಿ ಕಸಾನಾ ಒಣ ಕಸಾನಾ?" ಎಂದು ಕೇಳಿದಳು. ಈಗಿನ ಮಕ್ಕಳಿಗೆ ದೊಡ್ಡವರ ಆದರ್ಶಗಳು ಅರ್ಥವಾಗುವುದು ಕಷ್ಟ.

ಮೊದಲ ಉಪಕಾರ ಸ್ವಲ್ಪ ಎಡವಟ್ಟಾಯಿತು. ನಮ್ಮ ಹುಟ್ಟೂರು ಇದೇ ತಾಲ್ಲೂಕಿನ ಮಧುರೆಯ ಹತ್ತಿರ. ಒಂದು ಭಾನುವಾರ ತಮ್ಮನ ಮನೆಗೆ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ, ಬಿಸಿಲಿನಲ್ಲಿ ಬೆವರು ಒರೆಸಿಕೊಂಡು ಒಬ್ಬರು ನಡೆದುಕೊಂಡು ಹೋಗುತ್ತಿದ್ದರು. ನಿಲ್ಲಿಸಿ, "ಹತ್ಕೊಳಿ ಯಜಮಾನ್ರೇ" ಎಂದೆ. ಅವರು ಬೇಡ ಬೇಡ ಎಂದರು. ಮರ್ಯಾದಸ್ಥರು ಯಾವಾಗಲೂ ಮೊದಲು ಬೇಡ ಎನ್ನುತ್ತಾರೆ, ಎರಡನೇ ಸಲ ಒತ್ತಾಯ ಮಾಡಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಒತ್ತಾಯ ಮಾಡಿದೆ, ಹತ್ತಿದರು. ಮೂರು ಕಿಲೋಮೀಟರು ಬಂದಮೇಲೆ ಎಲ್ಲಿ ಇಳಿಯುತ್ತೀರಿ ಎಂದು ಕೇಳಿದೆ. "ಎಲ್ಲಾದ್ರೂ ಇಳ್ಸಪ್ಪ. ನಂಗೆ ಸಕ್ರೆ ಕಾಯ್ಲೆ, ಡಾಕ್ಟ್ರು ದಿನಾ ನಡೀಬೇಕು ಅಂದವ್ರೆ. ಅಲ್ಲೇ ನಮ್ಮನೆ ಮುಂದೆ ನಡೀತಿದ್ದೆ, ಇನ್ನೇನ್ ಒಳಕ್ ಹೋಗ್ಬೇಕು ಅನ್ನೋಷ್ಟ್ರಲ್ಲಿ ನೀನ್ ಬಂದೆ" ಎಂದರು. ಮತ್ತೆ ವಾಪಸ್ಸು ಬಿಡುತ್ತೇನೆಂದರೆ ಕೈ ಮುಗಿದು, ನನ್ನನ್ನು ಸಾಗಹಾಕಿ, ಮೂರು ಕಿಲೋಮೀಟರು ನಡೆದುಕೊಂಡೇ ಹೋದರು. ಅವರ ಸಕ್ಕರೆ ಆವತ್ತು ಖಂಡಿತ ಇಳಿದಿರುತ್ತದೆ ಎಂದು ಸಮಾಧಾನ ಮಾಡಿಕೊಂಡು, ಪಟ್ಟಿಯಲ್ಲಿ ಅದಕ್ಕೊಂದು ಗೀಟು ಎಳೆದೆ.

ಇದನ್ನು ಕೇಳಿದ ನನ್ನ ತಮ್ಮನಿಗೆ ನಮ್ಮ ಅವ್ವನ ನೆನಪಾಯಿತು. ಅವ್ವ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗುವಾಗ ದಾರಿಯಲ್ಲಿ ಯಾರದೋ ಕರು ಹಗ್ಗಕ್ಕೆ ಕಾಲು ಸುತ್ತಿಕೊಂಡು ನಿಂತಿದ್ದರೆ ಬಿಡಿಸಿ ಹೋಗುತ್ತಿದ್ದಳು. ಯಾರ ಮನೆಯಲ್ಲಾದರೂ ಬಾಣಂತಿ ಇದ್ದರೆ ಅವರ ಮನೆಯ ಎರಡು ಬಿಂದಿಗೆಯನ್ನೂ ತುಂಬಿಸಿಟ್ಟು ಬರುತ್ತಿದ್ದಳು. ಸಂಜೆ ಅಪ್ಪ ಯಾಕೆ ತಡ ಎಂದು ಗದರಿದರೆ, "ದಾರೀಲಿ ಬಂದೆ" ಎನ್ನುತ್ತಿದ್ದಳೇ ಹೊರತು ಇನ್ನೇನೂ ಹೇಳುತ್ತಿರಲಿಲ್ಲ. ಅವಳು ಪಟ್ಟಿ ಬರೆದವಳಲ್ಲ, ಬರೆಯುವುದಕ್ಕೆ ಬರುತ್ತಲೂ ಇರಲಿಲ್ಲ. ನನಗೆ ಬರೆಯುವುದಕ್ಕೆ ಚೆನ್ನಾಗಿ ಬರುತ್ತದೆ.

ಪಿಳ್ಳಮ್ಮಜ್ಜಿ ನನಗೆ ಸಿಕ್ಕಿದ್ದು ಇದಾದ ಮೂರನೆಯ ದಿನ. ನೀರಿನ ಘಟಕದ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಖಾಲಿ ಕ್ಯಾನೊಂದನ್ನು ಹಿಡಿದುಕೊಂಡು ನಿಂತಿತ್ತು. ನಮ್ಮಲ್ಲಿ ಎಲ್ಲರ ಕ್ಯಾನೂ ಒಂದೇ ನೀಲಿ ಬಣ್ಣ, ಅದಕ್ಕೇ ಗುರುತಿಗೆ ಏನಾದರೂ ಮಾಡಿಕೊಂಡಿರುತ್ತಾರೆ. ಈ ಕ್ಯಾನಿನ ಹಿಡಿಗೆ ಕೆಂಪು ಬಟ್ಟೆಯ ಪಟ್ಟಿಯೊಂದನ್ನು ಅಂದವಾಗಿ ಹೊಲಿದು ಸುತ್ತಿದ್ದರು. ಇಪ್ಪತ್ತು ಲೀಟರು ನೀರನ್ನು ಈ ಜೀವ ಹೊರುವುದೇ ಎಂದು ನನ್ನ ಕರುಳು ಚುರುಕ್ ಎಂದಿತು. ಹೋಗಿ, "ಕೊಡಿ ಅಜ್ಜಿ, ನಾನ್ ತುಂಬ್ಸಿ ಮನೆಗೆ ತಂದ್ಕೊಡ್ತೀನಿ" ಎಂದೆ. "ಅಯ್ಯೋ ಬ್ಯಾಡ ಕಣಪ್ಪ, ಇದು..." ಎಂದು ಅಜ್ಜಿ ಶುರುಮಾಡಿತು. ಮರ್ಯಾದಸ್ಥರು ಮೊದಲು ಬೇಡ ಎನ್ನುತ್ತಾರೆ ಎಂದು ಆಗಲೇ ಹೇಳಿದ್ದೇನಲ್ಲ. ಮಾತು ಮುಗಿಸುವುದಕ್ಕೆ ಬಿಡದೆ ಕ್ಯಾನು ಕಿತ್ತುಕೊಂಡು, ನನ್ನದೇ ನಾಣ್ಯ ಹಾಕಿ ತುಂಬಿಸಿ, ಸ್ಕೂಟರಿನಲ್ಲಿ ಇಟ್ಟು, "ಹಿಂದೆ ಕೂತ್ಕೊಳಿ, ಮನೆ ತೋರ್ಸಿ" ಎಂದೆ. ಅಜ್ಜಿ ಒಂದು ಸಲ ರಸ್ತೆಯ ಆ ಕಡೆ ನೋಡಿತು, ಒಂದು ಸಲ ನನ್ನ ಮುಖ ನೋಡಿತು, ಆಮೇಲೆ ಹತ್ತಿ ಕೂತಿತು.

ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಬಡಾವಣೆಯಾಗುವ ಮೊದಲಿನ ಹಳೆಯ ಹೆಂಚಿನ ಮನೆ, ಮುಂದೆ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಒಂದು ಹಸು, ಹೊಂಗೆ ಮರದ ಕೆಳಗೆ ಮಣ್ಣಿನ ಮಡಕೆ, ಅದರ ಮೇಲೊಂದು ಪ್ಲಾಸ್ಟಿಕ್ ಮಗ್ಗು. ಕ್ಯಾನನ್ನು ಕಟ್ಟೆಯ ಮೇಲಿಟ್ಟು ಹೊರಡುವವನಿಗೆ ಅಜ್ಜಿ, "ಐದು ನಿಮ್ಸ ಕೂತ್ಕ ಮಗ" ಎಂದು ಒಳಗೆ ಹೋಗಿ, ದೊಡ್ಡ ಸ್ಟೀಲ್ ಲೋಟದಲ್ಲಿ ಹಿಂದಿನ ದಿನ ಉಳಿದಿದ್ದ ರಾಗಿ ಅಂಬಲಿ ತಂದುಕೊಟ್ಟಿತು. ಮಜ್ಜಿಗೆ ಬೆರೆಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಹಾಕಿದ್ದು. ನನಗೆ ಹೊತ್ತಾಗಿತ್ತು. ಆದರೂ ವಯಸ್ಸಾದವರ ಮನಸ್ಸು ನೋಯಿಸಬಾರದು ಎಂದು ಕುಡಿದೆ. ಕುಡಿಯುವವರೆಗೆ ಅಜ್ಜಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಈ ಬೀದಿ ಇರುವಲ್ಲಿ ಹಿಂದೆ ಒಂದು ಬಾವಿ ಇತ್ತೆಂದೂ, ಅದರ ನೀರಿನ ರುಚಿ ಈಗ ಯಾವ ನೀರಿಗೂ ಇಲ್ಲವೆಂದೂ ಹೇಳಿತು. ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ. ಪಾಪ, ಮಾತಾಡುವುದಕ್ಕೆ ಯಾರೂ ಇಲ್ಲದ ಒಂಟಿ ಜೀವ ಎಂದುಕೊಂಡೆ. ಹೊರಡುವಾಗ, "ನಾಳೆಯಿಂದ ದಿನಾ ನಾನೇ ತಂದ್ಕೊಡ್ತೀನಿ ಅಜ್ಜಿ" ಎಂದು ನನ್ನ ಬಾಯಿಯಿಂದಲೇ ಬಂದುಬಿಟ್ಟಿತು. ಇಂಥ ಮಾತುಗಳು ಯಾವಾಗಲೂ ಹೊಟ್ಟೆ ತುಂಬಿದಾಗಲೇ ಬರುತ್ತವೆ.

ಮೂರು ತಿಂಗಳು ಹೀಗೇ ನಡೆಯಿತು. ಬೆಳಿಗ್ಗೆ ಏಳೂಕಾಲಕ್ಕೆ ಮೊದಲು ಕೆಂಪು ಪಟ್ಟಿಯ ಕ್ಯಾನು ತುಂಬಿಸಿ ಅಜ್ಜಿಯ ಕಟ್ಟೆಗೆ, ಆಮೇಲೆ ನಮ್ಮ ಕ್ಯಾನು ನಮ್ಮ ಮನೆಗೆ. ಅಜ್ಜಿಯ ಕಟ್ಟೆಯ ಮೇಲೆ ಹತ್ತು ನಿಮಿಷ, ಕೆಲವು ದಿನ ಕಾಲು ಗಂಟೆ. ಅಂಬಲಿ ಕುಡಿಯುತ್ತಾ ಅಜ್ಜಿಯ ಮಾತು ಕೇಳುತ್ತಿದ್ದೆ. ಹಸುವಿನ ಹಟ, ನಲ್ಲೂರಿನ ಹುಣಿಸೆ ತೋಪಿನ ಹತ್ತಿರ ಇರುವ ತಂಗಿಯ ಮಂಡಿನೋವು, ಬಾವಿಯ ನೀರು, ಮತ್ತೆ ಹಸು. ನೀರು ತಂದದ್ದು ಒಂದು ಉಪಕಾರ, ಮಾತು ಕೇಳಿದ್ದು ಇನ್ನೊಂದು ಎಂದು ನಾನು ಫ್ರಿಜ್ಜಿನ ಪಟ್ಟಿಯಲ್ಲಿ ದಿನಕ್ಕೆ ಎರಡು ಗೀಟು ಎಳೆಯತೊಡಗಿದ್ದೆ. ರತ್ನ ಇದನ್ನು ನೋಡಿ, "ಅಂಬಲಿ ಕುಡಿದದ್ದು ಯಾವ ಲೆಕ್ಕದಲ್ಲಿ ಬರುತ್ತೆ ರೀ?" ಎಂದಳು. ಅದು ಅಜ್ಜಿಯ ಸಂತೋಷಕ್ಕೆ ಎಂದು ವಿವರಿಸಿದೆ. ಅವಳು ಸೊಪ್ಪು ಸೋಸುತ್ತಾ ಹೂಂ ಎಂದಳು. ಆ ಹೂಂ ನನಗೆ ಅಷ್ಟು ಹಿಡಿಸಲಿಲ್ಲ.

ಭಾಷಣಕಾರರು ಹೇಳಿದ ಆರೋಗ್ಯದ ಮಾತೂ ನಿಜವಾಯಿತು ಎನ್ನಬೇಕು. ಮೊದಲೆಲ್ಲ ಹನ್ನೊಂದು ಗಂಟೆಯ ಹೊತ್ತಿಗೆ ನನಗೆ ಆಫೀಸಿನಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ಸಲ ಪ್ರವೇಶ ಅರ್ಜಿಗಳ ಕಟ್ಟಿನ ಮೇಲೆಯೇ ತಲೆಯಿಟ್ಟು ಬಿದ್ದುಬಿಟ್ಟಿದ್ದೆ. ನಮ್ಮಲ್ಲಿ ಹಾಜರಿಗೆ ಮುಖ ತೋರಿಸುವ ಯಂತ್ರವೊಂದಿದೆ, ಅದು ಬೆಳಗಿನ ನನ್ನ ಮುಖವನ್ನು ಗುರುತಿಸುವುದಕ್ಕೆ ಒಪ್ಪುತ್ತಿರಲಿಲ್ಲ. ಹತ್ತಿರ ಬನ್ನಿ, ದೂರ ಹೋಗಿ ಎಂದು ಸತಾಯಿಸಿ, ಕೊನೆಗೆ ಗೊತ್ತಿಲ್ಲದವರು ಎಂದುಬಿಡುತ್ತಿತ್ತು. ಅಜ್ಜಿಗೆ ನೀರು ಹೊರಲು ಶುರುಮಾಡಿದ ಮೇಲೆ ಕಣ್ಣುಕತ್ತಲೆ ನಿಂತಿತು. ಯಂತ್ರ ಮೊದಲ ಸಲಕ್ಕೇ ನನ್ನ ಹೆಸರು ಹಿಡಿದು ನಮಸ್ಕಾರ ಹೇಳತೊಡಗಿತು. ಪರೋಪಕಾರದಿಂದ ಮುಖಕ್ಕೆ ಕಳೆ ಬರುತ್ತದೆ ಎಂದು ಆಫೀಸಿನ ಜವಾನ ನಾಗರಾಜನಿಗೆ ನಾನೇ ಒಂದು ಸಣ್ಣ ಭಾಷಣ ಮಾಡಿದೆ.

ತೊಂದರೆ ಏನೆಂದರೆ, ಮೊದಲ ಸಲಕ್ಕೇ ಗುರುತಿಸುವ ಯಂತ್ರ ನಾನು ಬಂದ ಗಳಿಗೆಯನ್ನೂ ಅಷ್ಟೇ ಖಚಿತವಾಗಿ ಬರೆದುಕೊಳ್ಳುತ್ತಿತ್ತು. ಅಜ್ಜಿಯ ಕಟ್ಟೆಯಲ್ಲಿ ಕಾಲು ಗಂಟೆಯಾದ ದಿನ ಎಂಟು ಹತ್ತರ ಬಸ್ಸು ತಪ್ಪುತ್ತಿತ್ತು. ಪ್ರಿನ್ಸಿಪಾಲರು ಒಳ್ಳೆಯವರು, ಆದರೆ ಒಳ್ಳೆಯತನಕ್ಕೂ ಒಂದು ರಿಜಿಸ್ಟರು ಇಟ್ಟವರು. ಕರೆದು, "ಇನ್ನೊಂದು ಸಲ ತಡವಾದ್ರೆ ಮೇಲಿನವರಿಗೆ ಬರೀಬೇಕಾಗುತ್ತೆ, ನನ್ನ ಕೈಲಿಲ್ಲ" ಎಂದರು. ಅಜ್ಜಿಯೊಬ್ಬಳಿಗೆ ನೀರು ಕೊಡುತ್ತೇನೆ ಸಾರ್ ಎಂದು ಹೇಳಬಹುದಾಗಿತ್ತು. ಬಾಯಿ ಬರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲದೆ ಕೆಲಸ ಮಾಡಿದವನು ನಾನು, ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ನೀರು ನಿಲ್ಲಿಸಬೇಕು, ಬೇರೆ ದಾರಿಯಿಲ್ಲ ಎಂದು ನಿರ್ಧರಿಸಿದೆ. ಹೇಳುವುದು ಹೇಗೆ? ನನ್ನನ್ನೇ ನಂಬಿಕೊಂಡು ಮೂರು ತಿಂಗಳಿಂದ ಆ ನೀರನ್ನೇ ಕುಡಿಯುತ್ತಿರುವ ಜೀವ. ನಾನು ಹೋಗದಿದ್ದರೆ ಬೆಳಿಗ್ಗೆ ಹಸುವಿನ ಜೊತೆ ಬಿಟ್ಟರೆ ಇನ್ಯಾರ ಜೊತೆ ಮಾತಾಡುತ್ತದೆ? ಸ್ನಾನ ಮಾಡುವಾಗ ಮಾತುಗಳನ್ನು ಜೋಡಿಸಿದೆ. 'ಅಜ್ಜಿ, ಬೇಜಾರು ಮಾಡ್ಕೋಬೇಡಿ' ಎಂದು ಶುರುಮಾಡುವುದೋ, 'ಅಜ್ಜಿ, ಒಂದು ವಿಷಯ' ಎಂದೋ. ರತ್ನಳ ಹತ್ತಿರ ಕೇಳಿದರೆ, "ನೇರವಾಗಿ ಹೇಳ್ಬಿಡಿ. ಅವರೇನು ಚಿಕ್ಕ ಮಗುವಾ?" ಎಂದಳು. ಸೋಮವಾರ ಹೇಳಲು ಹೋದೆ, ಅಜ್ಜಿ ಲೋಟ ಕೈಗಿಟ್ಟಿತು. ಮಂಗಳವಾರ ಹೋದೆ, ಅಂಬಲಿಯ ಜೊತೆ ಹುರಿದ ಕಡಲೆಕಾಯಿ ಇತ್ತು. ಬುಧವಾರ ಗಂಟಲು ಸರಿಮಾಡಿಕೊಂಡೆ. ಶೀತವೆಂದು ತಿಳಿದು ಅಜ್ಜಿ ಅಂಬಲಿಗೆ ಮೆಣಸು ಕುಟ್ಟಿ ಹಾಕಿಕೊಂಡು ಬಂತು. ಹೀಗೆ ಸತ್ಕಾರ ಮಾಡುವವರ ಎದುರಿಗೆ ರಾಜೀನಾಮೆ ಕೊಡುವುದು ಸುಲಭವಲ್ಲ. ಕೊನೆಗೆ ಭಾನುವಾರ ಪುರುಸೊತ್ತಾಗಿ ಹತ್ತು ಗಂಟೆಗೆ ಹೋಗಿ, ನಿಧಾನವಾಗಿ ಕೂತು, ಹೇಳಿಯೇ ಬರುವುದೆಂದು ಹೊರಟೆ.

ಹೋಗಿ ನೋಡಿದರೆ ಒಂಟಿ ಜೀವದ ಮನೆಯ ತುಂಬಾ ಜನ. ಮಗ ಮುನಿರಾಜು ಶಾಲೆಯ ವ್ಯಾನು ತೊಳೆಯುತ್ತಿದ್ದಾನೆ. ಸೊಸೆ ಮಂಜುಳ ಅಕ್ಕಿ ಆರಿಸುತ್ತಿದ್ದಾಳೆ. ಇಬ್ಬರು ಮೊಮ್ಮಕ್ಕಳು ಹಸುವಿಗೆ ರಿಬ್ಬನ್ನು ಕಟ್ಟುತ್ತಿದ್ದಾರೆ. ಜಡಿಗೇನಹಳ್ಳಿಯಿಂದ ಬಂದ ಬೀಗರಿಬ್ಬರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಜೋರಾಗಿ ವಾದ ಮಾಡುತ್ತಿದ್ದಾರೆ. ಅಜ್ಜಿ ಅವರೆಲ್ಲರ ನಡುವೆ ಕೂತು, ಯಾರಿಗೂ ಮಾತಾಡುವುದಕ್ಕೆ ಬಿಡದೆ ಮಾತಾಡುತ್ತಿತ್ತು. ವಾರದ ದಿನ ಮಗ ಆರೂಮುಕ್ಕಾಲಿಗೇ ಮಕ್ಕಳನ್ನೂ ವ್ಯಾನಿನಲ್ಲಿ ಹಾಕಿಕೊಂಡು ಹೋಗುತ್ತಾನಂತೆ, ಸೊಸೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸಿಗೆ. ನಾನು ಬರುತ್ತಿದ್ದದ್ದು ಇವರೆಲ್ಲ ಹೊರಟು, ಅಕ್ಕಪಕ್ಕದವರು ಕಟ್ಟೆಗೆ ಮಾತಿಗೆ ಬಂದು ಸೇರುವ ಮೊದಲು, ಆ ಮನೆಯಲ್ಲಿ ದಿನಕ್ಕೆ ಒಂದೇ ಒಂದು ಸಲ ನಿಶ್ಶಬ್ದವಾಗಿರುವ ಅರ್ಧ ಗಂಟೆಯಲ್ಲಿ.

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಂಗೆ ಮರದ ಕೆಳಗೆ, ಎದುರಿನ ಕಟ್ಟಡದ ಗಾರೆ ಕೆಲಸದವರು ಮೂವರು ನಿಂತಿದ್ದರು. ಹಿಂದಿನ ದಿನ ನಾನು ತಂದಿಟ್ಟಿದ್ದ ಕೆಂಪು ಪಟ್ಟಿಯ ಕ್ಯಾನನ್ನು ಎತ್ತಿ ಮಡಕೆಗೆ ಬಗ್ಗಿಸಿ, ಮಗ್ಗಿನಲ್ಲಿ ಕುಡಿದರು. ಒಬ್ಬನಂತೂ ಉಳಿದದ್ದರಲ್ಲಿ ಮುಖ ತೊಳೆದು, ಕಾಲಿನ ಸಿಮೆಂಟನ್ನೂ ತೊಳೆದುಕೊಂಡ. ಅವನ ಕಾಲಿನಿಂದ ಹರಿದ ನೀರನ್ನು ನಾನು ನೋಡುತ್ತಾ ನಿಂತೆ. ಮಂಜುಳ ನನ್ನನ್ನು ನೋಡಿ ಎದ್ದು ಬಂದವಳು, ನನ್ನ ಕಣ್ಣು ಎಲ್ಲಿದೆ ಎಂದು ಕಂಡು ಸೆರಗು ಬಾಯಿಗಿಟ್ಟುಕೊಂಡಳು. "ನಮ್ಮತ್ತೆ ಆ ನೀರ್ ಕುಡಿಯಲ್ಲ ಅಣ್ಣ. ನಮ್ಮನೇಲಿ ಯಾರೂ ಕುಡಿಯಲ್ಲ. ಸಪ್ಪಗಿರುತ್ತೆ ಅಂತಾರೆ. ಹಸಾನೂ ಮೂಸಲ್ಲ. ನಮಗೆ ಹಿತ್ಲಲ್ಲಿ ಬೋರ್‌ವೆಲ್ ಐತಲ್ಲ" ಎಂದಳು.

ಹಾಗಾದರೆ ಆವತ್ತು ಘಟಕದ ಹತ್ತಿರ ಕ್ಯಾನು ಹಿಡಿದು ಯಾಕೆ ನಿಂತಿದ್ದಿರಿ ಎಂದು ಅಜ್ಜಿಯನ್ನು ಕೇಳಿದೆ. ಉತ್ತರ ಬಂದದ್ದು ಪಕ್ಕದ ಟೈಲರ್ ಅಂಗಡಿಯಿಂದ. ಟೈಲರ್ ಬಾಷಾ ಕೊರಳಿಗೆ ಟೇಪು ಹಾಕಿಕೊಂಡೇ ಹೊರಗೆ ಬಂದು, ಬಹಳ ಸಂಕೋಚದಿಂದ, "ಸಾರ್, ಆ ಕ್ಯಾನು ನಮ್ದು" ಎಂದ. ಆ ಕೆಂಪು ಪಟ್ಟಿಯನ್ನು ಅಷ್ಟು ಅಂದವಾಗಿ ಹೊಲಿದವರು ಯಾರಿರಬಹುದು ಎಂದು ಮೂರು ತಿಂಗಳಲ್ಲಿ ಒಂದು ದಿನವಾದರೂ ನಾನು ಯೋಚಿಸಬಹುದಾಗಿತ್ತು. ಆವತ್ತು ಅವನ ಹತ್ತಿರ ನಾಣ್ಯ ಇರಲಿಲ್ಲವಂತೆ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಅಜ್ಜಿಯ ಕೈಗೆ ಕ್ಯಾನು ಕೊಟ್ಟು, ಸರದಿ ಹಿಡಿದಿರಿ ಎಂದು ಹೇಳಿ, ಎದುರಿನ ಅಂಗಡಿಗೆ ಚಿಲ್ಲರೆ ತರಲು ಹೋಗಿದ್ದಾನೆ. ಬಂದು ನೋಡಿದರೆ ಕ್ಯಾನೂ ಇಲ್ಲ, ಅಜ್ಜಿಯೂ ಇಲ್ಲ. ಇಬ್ಬರನ್ನೂ ನಾನು ಸ್ಕೂಟರಿನಲ್ಲಿ ಹೇರಿಕೊಂಡು ಹೋಗಿದ್ದೆ.

"ಆಮೇಲೆ ನಮ್ಮನೆ ಕ್ಯಾನು ಅವ್ನಿಗ್ ಕೊಟ್ಟೆ ಬಿಡು" ಎಂದಿತು ಅಜ್ಜಿ. ಅದರಲ್ಲಿ ವಿಶೇಷವೇನೂ ಇಲ್ಲ ಎನ್ನುವ ಹಾಗಿತ್ತು ಧ್ವನಿ.

"ಮೊದಲನೇ ದಿನವೇ ಹೇಳಬಾರದಿತ್ತಾ ಅಜ್ಜಿ?" ಎಂದೆ. ನನ್ನ ಧ್ವನಿಯಲ್ಲಿ ಸ್ವಲ್ಪ ಅಳುವೂ ಇತ್ತು.

"ಹೇಳಕ್ ಬಿಟ್ಟಾ ನೀನು? ಕೊಡಜ್ಜಿ ಅಂತ ಕಿತ್ಕಂಡೆ. ಮಖ ನೋಡಿದ್ನಾ, ಕರ್ರಗೆ ಒಣಗೋಗಿತ್ತು. ದಿನಾ ನೋಡ್ತಿದ್ನಲ್ಲ ನಿನ್ನ, ಕಸದ ಗಾಡಿ ಹಿಂದೆ ಓಡ್ತಿದ್ದೆ, ನೀರ್ಗೆ ಓಡ್ತಿದ್ದೆ, ಬಸ್ಗೆ ಓಡ್ತಿದ್ದೆ. ಇವತ್ ಬೀಳ್ತಾನೆ ನಾಳೆ ಬೀಳ್ತಾನೆ ಅನ್ನಂಗಿದ್ದೆ. ಈ ಮಗ ಬೆಳಿಗ್ಗೆ ಏನೂ ಉಣ್ಣಲ್ಲ ಅಂತ ನಂಗ್ ಗೊತ್ತಾಗೋಯ್ತು. ಬಾರಪ್ಪ ಉಂಡೋಗು ಅಂದಿದ್ರೆ ನೀನ್ ಬತ್ತಿದ್ದಾ? ಪ್ಯಾಂಟ್ ಹಾಕ್ಕಂಡವ್ರು ಸುಮ್‌ಸುಮ್ನೆ ಇನ್ನೊಬ್ರ ಮನೆ ಕಟ್ಟೆ ಮೇಲೆ ಕೂತು ಅಂಬ್ಲಿ ಕುಡೀತಾರಾ? ನೀರ್ ತಂದವ್ನು ಅಂದ್ರೆ ಕುಡೀತೀಯ. ಅದ್ಕೇ ತರ್ಲಿ ಬಿಡು ಅಂತ ಸುಮ್ಕಾದೆ."

ಬೀಗರು ವಾದ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮಂಜುಳ ಇನ್ನೊಂದು ಮಾತು ಸೇರಿಸಿದಳು. ಅಜ್ಜಿ ಮೊದಲೆಲ್ಲ ಏಳೂಕಾಲಕ್ಕೆ ಡೈರಿಗೆ ಹಾಲು ಹಾಕಿ ಬಂದು, ಒಂಬತ್ತಕ್ಕೆ ನಿಧಾನವಾಗಿ ಅಂಬಲಿ ಕಾಯಿಸುತ್ತಿತ್ತಂತೆ. ನಾನು ಬರಲು ಶುರುಮಾಡಿದ ಮೇಲೆ ಆರು ಗಂಟೆಗೇ ಅಂಬಲಿ ಕಾಯಿಸಿ ಆರಿಸಿಟ್ಟು, ನಾನು ಕುಡಿದು ಹೋಗುವವರೆಗೂ ಹಾಲಿನ ಕ್ಯಾನಿನ ಬಾಯಿ ಮುಚ್ಚಿಟ್ಟುಕೊಂಡು ಕಾಯುತ್ತಿತ್ತು. ನಾನು ಕಾಲು ಗಂಟೆ ಕೂತ ದಿನ ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುವುದು ಮುಗಿದಿರುತ್ತಿತ್ತು. ಕಾರ್ಯದರ್ಶಿ ಎರಡು ಸಲ ಬೈದಿದ್ದಾರೆ, ಒಂದು ಸಲ ಹಾಲು ವಾಪಸ್ಸು ಕಳಿಸಿದ್ದಾರೆ. "ಆ ಹಾಲನ್ನ ಹೆಪ್ಪಾಕಿದ್ವಿ ಅಣ್ಣ. ಅದ್ರ ಮಜ್ಜಿಗೇನೂ ನೀವೇ ಕುಡಿದ್ರಿ" ಎಂದು ನಕ್ಕಳು. ಅಂದರೆ ಮೂರು ತಿಂಗಳಿಂದ ಅಜ್ಜಿಗಾಗಿ ನಾನು ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡಿದ್ದೆ, ನನಗಾಗಿ ಅಜ್ಜಿ ಡೈರಿಗೆ ತಡವಾಗಿ ಹೋಗಿ ಬೈಸಿಕೊಂಡಿತ್ತು. ಅಜ್ಜಿ ನನಗೆ ಹೇಳದೆ ನುಂಗಿಕೊಂಡಿತ್ತು. ನಾನು ಮಾತ್ರ ರತ್ನಳಿಗೆ, ನಾಗರಾಜನಿಗೆ, ತಮ್ಮನಿಗೆ, ಸ್ನಾನದ ಮನೆಯ ಗೋಡೆಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ನಗು ಬರಬೇಕಾಗಿತ್ತು. ಬಂದದ್ದು ಬೇರೆ. ಅವ್ವ ಹೋದಮೇಲೆ ನಾನು ಉಂಡೆನೋ ಇಲ್ಲವೋ ಎಂದು ನನ್ನ ಮುಖ ನೋಡಿಯೇ 'ಗೊತ್ತಾಗೋಯ್ತು' ಎಂದವರು ಇನ್ನೊಬ್ಬರಿರಲಿಲ್ಲ. ರತ್ನ ನೋಡಿದ್ದರೆ ಅವಳಿಗೂ ಗೊತ್ತಾಗುತ್ತಿತ್ತು, ಆದರೆ ಬೆಳಗಿನ ನನ್ನ ಮುಖವನ್ನು ನೋಡುವುದಕ್ಕೆ ಅವಳಿಗೆ ಅವಕಾಶವೇ ಇರಲಿಲ್ಲ. ಹೆಸರು ಗೊತ್ತಿಲ್ಲದ, ಊರು ಗೊತ್ತಿಲ್ಲದ, ಕಸದ ಬಕೆಟ್ಟು ಹಿಡಿದು ಓಡುವ ಒಬ್ಬನಿಗಾಗಿ ಈ ಅಜ್ಜಿ ಆರು ಗಂಟೆಗೆ ಒಲೆ ಹಚ್ಚಿತ್ತು. ಕರ್ಚೀಫು ತೆಗೆದು ಮೂಗು ಒರೆಸಿಕೊಂಡೆ. ಕಟ್ಟೆಯ ಮೇಲೆ ಕೂತುಬಿಟ್ಟೆ. ಅಜ್ಜಿ ನನ್ನನ್ನು ನೋಡಿ, ಶೀತ ಇನ್ನೂ ಹೋಗಿಲ್ಲ ಎಂದು ತೀರ್ಮಾನಿಸಿ, ಸೊಸೆಗೆ ಮೆಣಸು ಕುಟ್ಟಲು ಹೇಳಿತು.

ಅಲ್ಲೇ ಎಲ್ಲರ ಎದುರಿಗೆ ಹೊಸ ಏರ್ಪಾಡಾಯಿತು. ಅಜ್ಜಿ ಕಾಯುವುದಿಲ್ಲ. ಅಂಬಲಿಯ ಲೋಟದ ಮೇಲೆ ತಟ್ಟೆ ಮುಚ್ಚಿ ಕಟ್ಟೆಯ ಮೇಲಿಟ್ಟು ಡೈರಿಗೆ ಹೋಗುತ್ತದೆ. ನಾನು ಬಂದು ಎರಡು ನಿಮಿಷದಲ್ಲಿ ಕುಡಿದು ಹೋಗುತ್ತೇನೆ. ಮಾತಾಡುವುದೆಲ್ಲ ಭಾನುವಾರ. ಆ ಸಂಜೆ ರತ್ನಳಿಗೂ ನಿಜ ಹೇಳಿದೆ. ಅವಳು, "ಆಯ್ತು ಅಂತ ಹೇಳ್ತಿದ್ರಲ್ಲ" ಎಂದಳು. ಆಮೇಲೆ ಕಡಲೆಬೇಳೆ ನೆನೆಹಾಕಿ, ಮಾರನೆಯ ದಿನ ಒಬ್ಬಟ್ಟು ಮಾಡಿಕೊಂಡು ಅಜ್ಜಿಯ ಮನೆಗೆ ತಾನೇ ಹೋಗಿಬಂದಳು. ಇಬ್ಬರೂ ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಬಂದವಳು ಫ್ರಿಜ್ಜಿನ ಪಟ್ಟಿಯಲ್ಲಿ ಡಬ್ಬಿ ಎಂದಿದ್ದಲ್ಲಿ ಡಬ್ಬಿಗಳು ಎಂದು ತಿದ್ದಿದಳು.

ಉಳಿದದ್ದು ಕ್ಯಾನಿನ ವಿಷಯ. ಬರಿಗೈಯಲ್ಲಿ ಹೋಗಿ ದಿನಾ ಅಂಬಲಿ ಕುಡಿದು ಬರುವುದಕ್ಕೆ ನನಗೆ ಸಂಕೋಚ. ಪ್ಯಾಂಟು ಹಾಕಿಕೊಂಡವರ ಬಗ್ಗೆ ಅಜ್ಜಿ ಹೇಳಿದ್ದು ಸುಳ್ಳಲ್ಲ. ಅಲ್ಲದೆ ಮೂರು ತಿಂಗಳು ಬಾಷಾನ ಕ್ಯಾನನ್ನು ಅಪಹರಣ ಮಾಡಿದ ಪಾಪ ಬೇರೆ ನನ್ನ ತಲೆಯ ಮೇಲಿತ್ತು. ಅವನಿಗೆ ಕೈ ಮುಗಿದು ಕ್ಯಾನು ಒಪ್ಪಿಸಿ, "ಇನ್ಮೇಲೆ ದಿನಾ ನಿಮಗೇ ತುಂಬಿಸಿ ತಂದಿಡ್ತೀನಿ" ಎಂದೆ. ಅವನು, "ಬೇಡ ಸಾರ್, ನೀವ್ಯಾಕೆ, ನಮಗೆ..." ಎಂದ. ನಾನು ಕೇಳಲಿಲ್ಲ. ಬೆಳಿಗ್ಗೆ ಅವನ ಮುಚ್ಚಿದ ಅಂಗಡಿಯ ಮುಂದೆ ಕ್ಯಾನು ಇಳಿಸಿ, ಪಕ್ಕದ ಕಟ್ಟೆಯಲ್ಲಿ ಅಂಬಲಿ ಕುಡಿದು, ಎಂಟು ಹತ್ತರ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನೇ ಹಿಡಿಯತೊಡಗಿದೆ. ಯಂತ್ರ ಸಮಯಕ್ಕೆ ಸರಿಯಾಗಿ ನಮಸ್ಕಾರ ಹೇಳುತ್ತಿತ್ತು. ಈ ಸಲ ನನ್ನ ಉಪಕಾರ ಸರಿಯಾದ ವಿಳಾಸಕ್ಕೆ ಮುಟ್ಟಿದೆ ಎಂದು ನಾನು ಹದಿನೈದು ದಿನ ನೆಮ್ಮದಿಯಾಗಿದ್ದೆ.

ಹದಿನಾರನೇ ದಿನ ರತ್ನ ರವಿಕೆಯ ಅಳತೆ ಕೊಡಲು ಬಾಷಾನ ಅಂಗಡಿಗೆ ಹೋದಳು. ಬಾಯಾರಿಕೆಯಾಗಿ ನೀರು ಕೇಳಿದರೆ, ಅವನ ಹೆಂಡತಿ ಗೋಡೆಗೆ ಹಾಕಿದ್ದ ಫಿಲ್ಟರಿನಿಂದ ಹಿಡಿದು ಕೊಟ್ಟಳಂತೆ. ರತ್ನ ಮನೆಗೆ ಬಂದು ಇದನ್ನು ಹೇಳುವಾಗ ಎಷ್ಟು ಸಲ ನಕ್ಕಳೆಂದು ಬರೆಯುವುದು ಬೇಡ. ನಾನು ಅಂಗಡಿಗೆ ಓಡಿದೆ. ಬಾಷಾ ಹೊಲಿಗೆ ಯಂತ್ರದ ಗಾಲಿಯನ್ನು ಕೈಯಿಂದ ನಿಲ್ಲಿಸಿ, ತಲೆ ಬಗ್ಗಿಸಿಕೊಂಡು, "ಫಿಲ್ಟರ್ ಹಾಕ್ಸಿ ಎರಡ್ ತಿಂಗಳಾಯ್ತು ಸಾರ್. ಹೇಳೋಕ್ ಹೋದೆ, ನೀವ್ ಕೇಳಿಸ್ಕೊಳ್ಲಿಲ್ಲ. ಆಮೇಲೆ ಮನ್ಸ್ ಬರ್ಲಿಲ್ಲ. ಅಷ್ಟ್ ಖುಷಿಯಾಗ್ ತರ್ತೀರಲ್ಲ" ಎಂದ. ಹಾಗಾದರೆ ದಿನಾ ಆ ನೀರನ್ನು ಏನು ಮಾಡುತ್ತೀಯಪ್ಪಾ ಎಂದು ಕೇಳಿದೆ. ಅವನು ಕತ್ತರಿಯಿಂದಲೇ ಹೊಂಗೆ ಮರದ ಕಡೆ ತೋರಿಸಿ, "ಅಜ್ಜಿ ಮಡಕೆಗೆ ಹಾಕ್ತೀನಿ" ಎಂದ.

ಮಾರನೆಯ ದಿನ ಏಳೂಕಾಲಕ್ಕೆ ಕ್ಯಾನು ತುಂಬಿಸಿಕೊಂಡು ಹೋಗಿ, ಮಧ್ಯದವರಿಗೆಲ್ಲ ತೊಂದರೆ ಕೊಡದೆ ನಾನೇ ಮಡಕೆಗೆ ಸುರಿದೆ. ಅಜ್ಜಿ ಡೈರಿಗೆ ಹೋಗಿತ್ತು. ಕಟ್ಟೆಯ ಮೇಲೆ ತಟ್ಟೆ ಮುಚ್ಚಿದ ಲೋಟವಿತ್ತು, ಪಕ್ಕದಲ್ಲಿ ಎರಡು ಹಸಿಮೆಣಸಿನಕಾಯಿ. ಕುಡಿದೆ. ಲೋಟ ತೊಳೆಯದೆ ಇಟ್ಟು ಹೋಗುವುದು ಸರಿಯಲ್ಲ ಎನಿಸಿ, ಮಡಕೆಯಿಂದ ಒಂದು ಮಗ್ಗು ನೀರು ತೆಗೆದು ತೊಳೆದು ಬೋರಲು ಹಾಕಿದೆ. ಮೂರೂವರೆ ತಿಂಗಳಿಂದ ಆ ಮನೆಗೆ ಹೊತ್ತ ನೀರಿನಲ್ಲಿ ಅಜ್ಜಿಗೆ ಉಪಯೋಗಕ್ಕೆ ಬಂದದ್ದು ಅದೊಂದು ಮಗ್ಗು, ಅದೂ ನನ್ನ ಎಂಜಲು ಲೋಟ ತೊಳೆಯುವುದಕ್ಕೆ.